ಒಳ ಅಂಚಿನ ಎಳೆ

ಮನೆಯಿಂದ,
ಭಾನುವಾರ ಮಧ್ಯಾಹ್ನ, ಅಮ್ಮ ಮಲಗಿದ ಮೇಲೆ

ಪ್ರೀತಿಯ ಅಕ್ಕಾ,

ನೀರಿಗೆ ಏನೂ ಗೊತ್ತಿರುವುದಿಲ್ಲ ಎಂದಿದ್ದೆಯೋ, ನೀರಿಗೆ ಯಾರ ಗುರುತೂ ಇರುವುದಿಲ್ಲ ಎಂದಿದ್ದೆಯೋ, ಈಗ ಸರಿಯಾಗಿ ನೆನಪಾಗುತ್ತಿಲ್ಲ. ಊಟದ ಮೇಜಿನ ಆಚೆ ಬದಿಯಲ್ಲಿ ನಿಂತು ಹೇಳಿದ್ದು ನೆನಪಿದೆ, ಅಪ್ಪ ಚಮಚವನ್ನು ಸದ್ದಾಗದಂತೆ ತಟ್ಟೆಯ ಅಂಚಿಗೆ ಒರಗಿಸಿಟ್ಟದ್ದು ನೆನಪಿದೆ, ಮಾತು ಮಾತ್ರ ಸವೆದುಹೋಗಿದೆ. ಬೆಳಿಗ್ಗೆಯಿಂದ ಅದನ್ನೇ ತಡಕಾಡುತ್ತಿದ್ದೇನೆ. ಕಾರಣವಿದೆ, ಆಮೇಲೆ ಅದಕ್ಕೆ ಬರುತ್ತೇನೆ. ಮೊದಲು ನೀನು ಹೇಗಿದ್ದೀಯ ಹೇಳು. ಮಂಡಿನೋವು ಮೆಟ್ಟಿಲು ಇಳಿಯುವಾಗ ಮಾತ್ರ ಎಂದು ಹಿಂದಿನ ಸಲ ಬರೆದಿದ್ದೆ. ಈಗ ಹತ್ತುವಾಗಲೂ ಶುರುವಾಗಿದೆಯಾ? ಭಾವ ಸಿಹಿ ಬಿಟ್ಟರಾ, ಅಥವಾ ನೀನು ನೋಡದಿರುವಾಗ ಮಾತ್ರ ತಿನ್ನುವಷ್ಟು ಬಿಟ್ಟಿದ್ದಾರಾ? ಮಗಳಿಗೆ ಹೊಸ ಕೆಲಸ ಒಗ್ಗಿದೆ ಎಂದುಕೊಂಡಿದ್ದೇನೆ. ನಾನು ಚೆನ್ನಾಗಿದ್ದೇನೆ. ಕನ್ನಡಕ ಬದಲಾಯಿತು. ಅಮ್ಮನ ಕಿವಿ ಮಂದವಾಗಿದೆ, ನಾಲಿಗೆ ಆಗಿಲ್ಲ. ನಿನ್ನೆ ಹಾಲಿನವನಿಗೆ, ಇದರಲ್ಲಿ ಹಾಲು ಎಷ್ಟು, ದೇವರ ಮೇಲೆ ಭಾರ ಹಾಕಿ ಸುರಿದ ನೀರು ಎಷ್ಟು ಅಂತ ಹೇಳ್ಬಿಟ್ಟು ಕೊಡಪ್ಪ, ಎಂದರು.

ಸಮಾಧಿ ಸ್ಥಳದ ಪಕ್ಕದ ರಸ್ತೆಯನ್ನು ಅಗಲ ಮಾಡುತ್ತಿದ್ದಾರೆ. ಅಪ್ಪನ ಸಮಾಧಿಗೆ ಏನೂ ಆಗುವುದಿಲ್ಲ, ಅದು ಒಳಗಿದೆ. ಹೋಗುವುದು ಗೋಡೆಯ ಹೊರಗಿನ ಪಟ್ಟಿ, ಹುಲ್ಲಿನಲ್ಲಿ ಇಟ್ಟಿಗೆಗಳನ್ನು ನೆಟ್ಟಿರುವ ಜಾಗ. ದೀಕ್ಷಾಸ್ನಾನ ಆಗುವ ಮೊದಲೇ ಹೋದ ಮಕ್ಕಳನ್ನು ಹಿಂದಿನ ಕಾಲದಲ್ಲಿ ಅಲ್ಲಿ ಇಡುತ್ತಿದ್ದರು, ನಿನಗೆ ಗೊತ್ತೇ ಇದೆ. ನಮ್ಮ ತಮ್ಮ, ಆ ಚಿಕ್ಕವನೂ ಅಲ್ಲೇ ಇದ್ದಾನೆ. ಬೇಕಾದವರು ಮಕ್ಕಳನ್ನು ಗೋಡೆಯ ಒಳಗೆ, ಮನೆಯವರ ಸಮಾಧಿಗೇ ತಂದಿಟ್ಟುಕೊಳ್ಳಬಹುದು ಎಂದು ಚರ್ಚಿನಿಂದ ಹೇಳಿಕಳಿಸಿದರು. ಯಾರೂ ಬರದ ಇಟ್ಟಿಗೆಗಳನ್ನು ಅವರೇ ಒಂದು ಮೂಲೆಗೆ ಒಟ್ಟಿಗೆ ಸೇರಿಸುತ್ತಾರಂತೆ. ಅಮ್ಮನನ್ನು ಕರೆದುಕೊಂಡು ಹೋಗಿದ್ದೆ. ಈಗಿನ ಫಾದರ್ ನನಗಿಂತ ತುಂಬ ಚಿಕ್ಕವರು, ಸೈಕಲ್ ಕ್ಲಿಪ್ಪನ್ನು ಪ್ಯಾಂಟಿನಿಂದ ತೆಗೆಯುವುದನ್ನು ಮರೆತೇ ಓಡಾಡುತ್ತಾರೆ. ಅಲ್ಲಿ ನಡೆದ ಒಂದು ಸಂಗತಿಯನ್ನು ನಿನಗೆ ಹೇಳಲೇಬೇಕು. ಆದರೆ ನೇರವಾಗಿ ಹೇಳುವ ಶಕ್ತಿ ನನಗೆ ಮೊದಲಿನಿಂದಲೂ ಇಲ್ಲ, ಸುತ್ತಿ ಬರುತ್ತೇನೆ, ಸಹಿಸಿಕೋ.

ಮುಂದಿನ ಕೋಣೆ ಈಗ ಖಾಲಿ. ಅಪ್ಪನ ಮೇಜನ್ನು ಕಿಟಕಿಯಿಂದ ಸರಿಸಿಲ್ಲ. ಮೇಜಿನ ಅಡಿಯಲ್ಲಿ ನಾವಿಬ್ಬರೂ ಕೂರುತ್ತಿದ್ದ ಜಾಗ ಎಷ್ಟು ಚಿಕ್ಕದೆಂದರೆ ನನ್ನ ಬೂಟು ಕೂಡ ಅಲ್ಲಿ ಸಂಕೋಚದಿಂದ ಕೂರುತ್ತದೆ. ಅಲ್ಲಿಂದ ಜನರ ಮುಖ ಕಾಣುತ್ತಿರಲಿಲ್ಲ. ನನ್ನ ಬಾಲ್ಯವೆಲ್ಲ ಕೋಟಿನ ಅಂಚು, ಪ್ಯಾಂಟಿನ ಮಡಿಕೆ, ತೋಳಿನ ತುದಿ. ಈಗಲೂ ಯಾರನ್ನಾದರೂ ನೆನೆಸಿಕೊಂಡರೆ ಮೊದಲು ತೋಳು ನೆನಪಾಗಿ ಆಮೇಲೆ ಮುಖ ಬರುತ್ತದೆ. ಸಿಗರೇಟಿನ ಕಿಡಿ ಬಿದ್ದು ತೂತಾದ ಕೋಟು, ನುಸಿ ತಿಂದ ಶಾಲು, ಮೊಳೆಗೆ ಸಿಕ್ಕಿ ಹರಿದ ಮದುವೆಯ ಬಟ್ಟೆ, ಎಲ್ಲವೂ ಅಪ್ಪನ ಹತ್ತಿರ ರಫೂಗೆ ಬರುತ್ತಿದ್ದವು. ಅವರು ದಾರ ಕೊಂಡದ್ದನ್ನು ನಾನು ನೋಡಿಲ್ಲ. ಬಟ್ಟೆಯನ್ನು ತಿರುವಿ, ಒಳಗಡೆ ಮಡಚಿ ಹೊಲಿದಿರುವ ಅಂಚನ್ನು ಬಿಚ್ಚಿ, ಅಲ್ಲಿಂದ ಒಂದೊಂದೇ ಎಳೆಯನ್ನು ಎಳೆದು ತೆಗೆಯುತ್ತಿದ್ದರು. ಅದೇ ಎಳೆಯನ್ನು ತೂತಿನ ಮೇಲೆ ಹಾಸು, ಹೊಕ್ಕು ಎಂದು ಮತ್ತೆ ನೇಯುವುದು. ಬೇರೆ ದಾರ ಹಾಕಿದ್ರೆ ಅಂಗಡಿಯಲ್ಲಿ ಚಂದ ಕಾಣತ್ತೆ, ಮೊದಲನೇ ಒಗೆತಕ್ಕೇ ಬಣ್ಣ ಬಿಟ್ಕೊಡತ್ತೆ, ಎನ್ನುತ್ತಿದ್ದರು. ಕೆಲಸ ಮುಗಿದ ಮೇಲೆ ಬಟ್ಟೆಯನ್ನು ನಮ್ಮ ಮುಂದೆ ಹಿಡಿದು, ಎಲ್ಲಿತ್ತು ಹೇಳಿ ನೋಡೋಣ, ಎಂದು ಕೇಳುವರು. ನೀನು ಬೆರಳಿಡುತ್ತಿದ್ದೆ. ಪ್ರತಿಸಲ ತಪ್ಪುತ್ತಿದ್ದೆ. ಬೇಕೆಂದೇ ತಪ್ಪುತ್ತಿದ್ದೆಯೋ ಏನೋ ಎಂಬ ಅನುಮಾನ ನನಗೆ ಬಂದದ್ದು ಎಷ್ಟೋ ವರ್ಷಗಳ ನಂತರ.

ಅಮ್ಮ ಮಧ್ಯದ ಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತ ವಾದಕ್ಕೆ ಇಳಿಯುತ್ತಿದ್ದುದು ಈ ರಫೂ ವಿಷಯಕ್ಕೇ. ಬೇರೆ ಮನೆಗಳಲ್ಲಿ ಗಂಡ ಹೆಂಡತಿ ಸಂಬಳಕ್ಕೆ, ಅತ್ತೆಗೆ, ನಾದಿನಿಗೆ ಜಗಳವಾಡುತ್ತಾರೆ. ನಮ್ಮ ಮನೆಯಲ್ಲಿ ಪಾಪ ಎಲ್ಲಿ ಶುರುವಾಗುತ್ತದೆ, ದೇವರು ಎಷ್ಟು ಮಾಡುತ್ತಾನೆ, ನಾವೆಷ್ಟು ಮಾಡಬೇಕು ಎಂದು ಆಡುತ್ತಿದ್ದರು. ಒಂದೇ ವಸ್ತುವಿಗೆ ನಮ್ಮಲ್ಲಿ ಎರಡು ಹೆಸರಿತ್ತು. ಅಪ್ಪನ ಚರ್ಚಿನಲ್ಲಿ ವರಪ್ರಸಾದ, ಅಮ್ಮನ ಪ್ರಾರ್ಥನಾ ಮಂದಿರದಲ್ಲಿ ಕೃಪೆ. ಕೃಪೆ ಅಂದ್ರೆ ಕೇಳೋಕೆ ಮುಂಚೆನೇ ಸಿಗೋದು ರೀ, ದುಡಿದು ಪಡ್ಕೊಳ್ಳೋದಕ್ಕೆ ಕೂಲಿ ಅಂತಾರೆ, ಎಂದು ಅಮ್ಮ. ಕೊಟ್ಟಿದ್ದನ್ನ ಇಸ್ಕೊಳ್ಳೋಕಾದ್ರೂ ಕೈ ಚಾಚಬೇಕಲ್ಲ ಮಾರಾಯ್ತಿ, ಎಂದು ಅಪ್ಪ. ತೂತು ತನ್ನನ್ನ ತಾನೇ ಹೊಲ್ಕೊಳ್ಳತ್ತಾ, ಎಂದು ಅಮ್ಮ. ಹೊಲಿಯೋ ಕೈ ಹೊರಗಿನದು, ಒಪ್ಪಿದೆ. ಎಳೆ ಆ ಬಟ್ಟೆಯದೇ, ಎಂದು ಅಪ್ಪ. ಹಳೇ ಬಟ್ಟೆಗೆ ಹೊಸ ತೇಪೆ ಹಾಕಬೇಡಿ ಅಂತ ಯೇಸುಸ್ವಾಮಿನೇ ಹೇಳಿದ್ದಾರೆ, ನಮ್ಮ ಕಸುಬು ಅವರಿಗೂ ಗೊತ್ತಿತ್ತು, ಎಂದು ಅಪ್ಪ ಸೂಜಿ ಎತ್ತಿ ತೋರಿಸಿದರೆ ಅಮ್ಮ ಬಟಾಣಿಯಿಂದ ತಲೆಯೆತ್ತದೆ ಹೇಳುವರು, ಅವರು ಹೇಳಿದ್ದು ಹೊಸ ಬಟ್ಟೆನೇ ಹಾಕ್ಕೊಳ್ಳಿ ಅಂತ, ನಿಮ್ಮ ಅಂಗಡಿ ನಡೀಲಿ ಅಂತಲ್ಲ. ಆಮೇಲೆ ಇಬ್ಬರೂ ನಗುತ್ತಿದ್ದರು. ನನಗೆ ಆ ನಗು ವಾದದ ಒಂದು ಭಾಗವೆಂದೇ ತಿಳುವಳಿಕೆಯಿತ್ತು. ಎಲ್ಲ ವಾದಗಳೂ ಹಾಗೆ ಮುಗಿಯುವುದಿಲ್ಲ ಎಂದು ಕಲಿಸಿದ್ದು ನೀನು. ಇದು ದೂರಲ್ಲ.

ಮನೆ ಬಿಟ್ಟು ಹೋಗಿ, ಎಲ್ಲ ಕಳೆದುಕೊಂಡು ತಿರುಗಿ ಬಂದ ಮಗನ ಕಥೆಯನ್ನು ಅಮ್ಮ ಓದುವಾಗ ಯಾರ್ಯಾರು ಎಲ್ಲಿ ನಿಂತುಬಿಡುತ್ತಿದ್ದರು, ನೆನಪಿದೆಯಾ? ಅಪ್ಪನಿಗೆ ಹೊಲದಿಂದ ಬಂದು ಬಾಗಿಲಲ್ಲಿ ನಿಂತ ದೊಡ್ಡ ಮಗನ ಮೇಲೆ ಮರುಕ. ಪಾಪ, ಅವನೂ ದುಡಿದಿದ್ದಾನಲ್ಲ, ಎನ್ನುವರು. ಅಮ್ಮನಿಗೆ ಮುದುಕ ತಂದೆ ಓಡಿದ್ದೇ ಮುಖ್ಯ. ಮಗ ಬಾಯಿ ತೆರೆಯೋಕೆ ಮುಂಚೆನೇ ಓಡಿದ, ಎಂದು ಎರಡೆರಡು ಸಲ ಓದುವರು. ನೀನು, ಆ ಮಗ ಸತ್ತಿದ್ದನು ಎಂಬ ಮಾತಿನಲ್ಲಿ ನಿಲ್ಲುತ್ತಿದ್ದೆ. ಸತ್ತವನು ತಾನಾಗಿ ಎದ್ದು ಹೇಗೆ ಬರ್ತಾನೆ, ಎಂದು ಆಗಲೇ ಕೇಳಿದ್ದೆ, ಇಷ್ಟುದ್ದದ ಹುಡುಗಿ. ನಿನ್ನ ಮುಂದಿನ ದಾರಿಯೆಲ್ಲ ಆ ಪ್ರಶ್ನೆಯಲ್ಲೇ ಇತ್ತು ಎಂದು ಈಗ ಅನಿಸುತ್ತದೆ. ನನ್ನ ಚಿಂತೆ ಬೇರೆ: ಆ ಮನೆಯಲ್ಲಿ ತಾಯಿ ಎಲ್ಲಿ? ಕೇಳಿದ್ದಕ್ಕೆ ಅಮ್ಮ, ಒಳಗೆ ಅಡುಗೆ ಮಾಡ್ತಿದ್ಲು, ಊಟ ತಾನಾಗಿ ಆಯ್ತಾ, ಎಂದರು.

ಚಿಕ್ಕವನು ಹುಟ್ಟಿದಾಗ ನನಗಿನ್ನೂ ಶಾಲೆ ಶುರುವಾಗಿರಲಿಲ್ಲ. ನೀನು ಆಗ ಅಪ್ಪನ ಚರ್ಚಿನ ಜ್ಞಾನೋಪದೇಶದ ತರಗತಿಗೆ ಹೋಗುತ್ತಿದ್ದೆ. ಒಂದು ವಾರ ಅಲ್ಲಿ, ಒಂದು ವಾರ ಅಮ್ಮನ ಮಂದಿರದಲ್ಲಿ, ಹಾಗೆಂದು ಅವರಿಬ್ಬರ ಒಪ್ಪಂದ. ಮಗು ಉಸಿರಾಡುವಾಗ ಸಣ್ಣ ಶಿಳ್ಳೆಯ ಸದ್ದು ಬರುತ್ತಿತ್ತು. ಹೆರಿಗೆ ಮಾಡಿಸಿದ ನರ್ಸ್ ಅಪ್ಪನನ್ನು ಹೊರಗೆ ಕರೆದು ಏನೋ ಹೇಳಿದಳು. ಫಾದರ್ ಬೇರೆ ಊರಿಗೆ ಹೋಗಿದ್ದರು. ದೀಕ್ಷಾಸ್ನಾನದ ನೀರು ಹಾಕದೆ ಹೋದ ಮಗು ಜನ್ಮಪಾಪದೊಂದಿಗೇ ಹೋಗುತ್ತದೆ, ಬೆಳಕೂ ಇಲ್ಲದ ನೋವೂ ಇಲ್ಲದ ಒಂದು ನಡುವಿನ ಜಾಗದಲ್ಲಿ ಉಳಿಯುತ್ತದೆ ಎಂದು ಅಪ್ಪನಿಗೆ ಅವರ ಬಾಲ್ಯದಲ್ಲಿ ಕಲಿಸಿದ್ದರು. ಅಮ್ಮ ಹಾಸಿಗೆಯಿಂದಲೇ ಹೇಳಿದ್ದು ನನಗೆ ಕೇಳಿಸಿತ್ತು: ತಪ್ಪು ಅಂದ್ರೇನು ಅಂತಾನೇ ಗೊತ್ತಿಲ್ಲದ ಮಗೂನ ತೊಳೆಯೋದೇನಿದೆ ರೀ, ಅದನ್ನ ದೇವರು ಆಗಲೇ ಎತ್ಕೊಂಡಿದ್ದಾನೆ. ನಾನು ಮೇಜಿನ ಅಡಿ ಸೇರಿದೆ. ಸ್ವಲ್ಪ ಹೊತ್ತಿನ ಮೇಲೆ ನೀನು ಬಂದು ಒತ್ತಿಕೊಂಡು ಕೂತೆ. ನಿನ್ನ ಉಣ್ಣೆ ಸ್ವೆಟರಿನ ತೋಳು ತೊಯ್ದು ತಣ್ಣಗಿತ್ತು, ನನ್ನ ಕೆನ್ನೆಗೆ ತಾಗುತ್ತಿತ್ತು. ಅಳುತ್ತಿದ್ದೀಯ, ತೋಳಿನಲ್ಲಿ ಒರೆಸಿಕೊಂಡಿದ್ದೀಯ ಎಂದುಕೊಂಡೆ. ಆ ಮಧ್ಯಾಹ್ನ ಅಪ್ಪನ ಬೂಟು ಒಳಗೆ ಹೋಯಿತು, ಬಂತು. ನರ್ಸಿನ ಬಿಳಿ ಬೂಟು ಬಂತು. ಸಂಜೆಯ ಹೊತ್ತಿಗೆ ಶಿಳ್ಳೆಯ ಸದ್ದು ಇರಲಿಲ್ಲ. ಫಾದರ್ ತಿರುಗಿ ಬಂದ ಮೇಲೆ ನೀರು ಹಾಕಿತ್ತಾ ಎಂದು ಕೇಳಿದಾಗ ಅಪ್ಪನೂ ಸುಮ್ಮನಿದ್ದರು, ಅಮ್ಮನೂ ಸುಮ್ಮನಿದ್ದರು. ಗೋಡೆಯ ಹೊರಗೆ ಇಟ್ಟರು.

ನೀನು ಕಾಲೇಜು ಮುಗಿಸಿ ಆ ಹೊಸ ಸಭೆಗೆ ಸೇರಿದ್ದು, ಕೆರೆಯಲ್ಲಿ ಇಳಿದು ಪೂರ್ತಿ ಮುಳುಗಿ ಮತ್ತೊಮ್ಮೆ ದೀಕ್ಷಾಸ್ನಾನ ತೆಗೆದುಕೊಂಡದ್ದು, ಊಟದ ಮೇಜಿನ ಆ ರಾತ್ರಿ, ಇವನ್ನೆಲ್ಲ ನಾನು ನಿನಗೆ ಹೇಳಬೇಕಾಗಿಲ್ಲ. ನೀನು ಹೇಳಿದ್ದು ನನಗೆ ಅರ್ಥವಾಗಿತ್ತು ಎಂದು ಮಾತ್ರ ಹೇಳುತ್ತೇನೆ. ಮನುಷ್ಯ ಹರಿದ ಬಟ್ಟೆಯಲ್ಲ, ಹೆಣ, ಎಂದಿದ್ದೆ. ಸತ್ತವನಿಂದ ಎಳೆ ತೆಗೆಯೋಕಾಗಲ್ಲ. ಎಬ್ಬಿಸಬೇಕು, ಯಾರನ್ನ ಎಬ್ಬಿಸ್ತಾನೆ ಅನ್ನೋದು ದೇವರಿಷ್ಟ. ನಂಬಿದವನು ತಾನಾಗಿ ನೀರಿಗಿಳಿಯಬೇಕು, ಮಲಗಿರೋ ಮಗುವಿನ ಮೇಲೆ ಚಿಮುಕಿಸಿದ್ದು ಬರೀ ನೀರು. ಅಪ್ಪ ಒಂದೇ ಮಾತು ಕೇಳಿದರು. ನಾನು ಹಾಕಿಸಿದ ನೀರು ಒಣಗಿಹೋಯ್ತಾ ಮಗಳೇ? ಆಗ ಅಮ್ಮ, ಹಾಗಾದ್ರೆ ಚಿಕ್ಕವನು ಎಲ್ಲಿ ಅಂತೀಯ, ಎಂದರು. ಗೊತ್ತಿಲ್ಲಮ್ಮ, ಗೊತ್ತಿದೆ ಅನ್ನೋ ಧೈರ್ಯ ನನಗಿಲ್ಲ, ಎಂದೆ ನೀನು. ಆ ಮನೆಯಲ್ಲಿ ಆ ರಾತ್ರಿ ಅಷ್ಟು ಪ್ರಾಮಾಣಿಕವಾದ ಮಾತು ಅದೊಂದೇ ಇತ್ತು ಎಂದು ನನಗೆ ಈಚೆಗೆ ಅನಿಸತೊಡಗಿದೆ. ಅವತ್ತು ಹಾಗೆ ಅನಿಸಿರಲಿಲ್ಲ. ಅಪ್ಪ ಹೋದ ದಿನ ನೀನು ಬಂದೆ. ಸತ್ತವರಿಗಾಗಿ ಮಾಡುವ ಪ್ರಾರ್ಥನೆಗೆ ನಿಮ್ಮವರು ನಿಲ್ಲುವುದಿಲ್ಲವೆಂದು ಗೇಟಿನ ಹೊರಗೇ ಉಳಿದೆ. ಹುಲ್ಲಿನಲ್ಲಿ, ಆ ಇಟ್ಟಿಗೆಗಳ ಹತ್ತಿರ. ನಾನು ನೋಡಿದೆ. ಅಮ್ಮನೂ ನೋಡಿದರು. ದೊಡ್ಡವಳು ಚಿಕ್ಕವನ ಜೊತೆ ನಿಂತಿದಾಳೆ, ಒಂಟಿಯಾಗಿಲ್ಲ ಬಿಡು, ಎಂದರು. ಯಾರು ಒಂಟಿಯಾಗಿಲ್ಲ ಎಂದು ನಾನು ಕೇಳಲಿಲ್ಲ.

ನನ್ನನ್ನು ನೀವೆಲ್ಲ ಯಾವ ಪಕ್ಷಕ್ಕೂ ಸೇರದವನು ಎನ್ನುತ್ತೀರಿ. ಇರಬಹುದು. ವಸ್ತುಸಂಗ್ರಹಾಲಯದಲ್ಲಿ ನನ್ನ ಕೆಲಸ ಅಪ್ಪನ ಕೆಲಸದ ತಲೆಕೆಳಗಾದ ರೂಪ. ಅಲ್ಲಿ ಹಳೆಯ ಬಟ್ಟೆಯ ತೂತನ್ನು ಅಡಗಿಸಬಾರದು. ದೂರದಿಂದ ಕಣ್ಣಿಗೆ ಹೊಡೆಯಬಾರದು, ಹತ್ತಿರ ಬಂದವನಿಗೆ ಹೊಲಿಗೆ ಕಾಣಲೇಬೇಕು. ಮುಂದೆ ಯಾರಾದರೂ ಇದಕ್ಕಿಂತ ಒಳ್ಳೆಯದನ್ನು ಬಲ್ಲವರು ಬಂದರೆ ನನ್ನ ಎಳೆಯನ್ನು ಬಟ್ಟೆಗೆ ನೋವಾಗದಂತೆ ತೆಗೆದುಹಾಕಲು ಬರಬೇಕು. ಅಪ್ಪನಿಗೆ ಇದನ್ನು ವಿವರಿಸಿದಾಗ, ಹಾಗಾದ್ರೆ ನೀನು ಸರಿ ಮಾಡಲ್ಲ, ಕ್ಷಮೆ ಕೇಳ್ತೀಯ, ಎಂದು ನಕ್ಕಿದ್ದರು. ಒಬ್ಬ ಅಪೊಸ್ತಲ ನಂಬಿಕೆ ಸಾಕು ಎನ್ನುತ್ತಾನೆ, ಇನ್ನೊಬ್ಬ ಕೆಲಸವಿಲ್ಲದ ನಂಬಿಕೆ ಸತ್ತದ್ದು ಎನ್ನುತ್ತಾನೆ, ಎರಡೂ ಒಂದೇ ಪುಸ್ತಕದಲ್ಲಿ ಪಕ್ಕಪಕ್ಕದಲ್ಲೇ ಎಂಬಂತೆ ಕೂತಿವೆ. ಅವನ್ನು ಸೇರಿಸಿದವರಿಗೆ ಹೊಲಿಗೆ ಕಾಣುತ್ತದೆಂದು ಗೊತ್ತಿರಲಿಲ್ಲವೇ? ಗೊತ್ತಿದ್ದೇ ಬಿಟ್ಟಿದ್ದಾರೆ ಎಂದು ನನ್ನ ಊಹೆ. ಇದು ನಿನಗೆ ಜಾಣತನದಂತೆ ಕಾಣುತ್ತದೆ, ಬಿಟ್ಟುಬಿಡು.

ಈಗ ಫಾದರ್ ಕೋಣೆಯಲ್ಲಿ ನಡೆದದ್ದು. ಈಗಿನ ಕಾಲದಲ್ಲಿ ಇದು ಮುಖ್ಯವಲ್ಲಮ್ಮ, ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತೇವೆ, ಆದರೂ ಒಂದು ಮಾತು, ಮಗುವಿಗೆ ದೀಕ್ಷಾಸ್ನಾನ ಆಗಿರಲಿಲ್ಲ ಅಲ್ವಾ, ಎಂದು ಅವರು ಮೆಲ್ಲಗೆ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ, ಆಗಿದೆ, ನಾನೇ ಹಾಕಿದ್ದು, ಎಂದರು. ಕಿವಿ ಮಂದವಾದವರ ದೊಡ್ಡ ದನಿಯಲ್ಲಿ. ಗಂಡ ಒಳಗೊಳಗೇ ಸಾಯುವುದನ್ನು ನೋಡಲಾರದೆ, ಅವರು ಹೊರಗೆ ಹೋದಾಗ ಕುಡಿಯುವ ನೀರಿನ ಲೋಟದಿಂದ ಹಾಕಿದರಂತೆ, ಅಪ್ಪನ ಚರ್ಚಿನ ಮಾತುಗಳನ್ನೇ ಹೇಳಿ. ಮತ್ತೆ ಅಪ್ಪನಿಗೆ ಯಾಕೆ ಹೇಳಲಿಲ್ಲಮ್ಮ, ಎಂದೆ. ನಂಬಿ ಹಾಕಿದ್ಯಾ ಅಂತ ಕೇಳ್ತಿದ್ರು, ಸುಳ್ಳು ಹೇಳೋಕೆ ಬರ್ತಿರಲಿಲ್ಲ, ಎಂದರು. ನಿಮ್ಮಪ್ಪ ಗೋಡೆ ಹೊರಗೆ ಇಟ್ಟಾಗಲೂ ಒಂದ್ಮಾತು ಆಡಲಿಲ್ಲ, ಇಷ್ಟು ಕಲ್ಲುಮನಸ್ಸಾ ಅಂದ್ಕೊಂಡಿದ್ದೆ.

ಅಕ್ಕಾ, ಅಪ್ಪ ಕಲ್ಲಾಗಿರಲಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ವಾರ ಅವರು ನನಗೆ ಹೇಳಿದ್ದರು. ಅಮ್ಮನಿಗೆ ನಿದ್ದೆ ಹತ್ತಿದಾಗ, ಹೊಲಿಯುವ ಬೆರಳಿಗೆ ಹಾಕುವ ಹಿತ್ತಾಳೆಯ ಟೊಪ್ಪಿಗೆಯಲ್ಲಿ ನೀರು ತುಂಬಿಕೊಂಡು ಒಳಗೆ ಹೋಗಿ ಮಗುವಿನ ತಲೆಗೆ ಹಾಕಿದ್ದರು. ಆಗಿನ ಫಾದರ್ ಕೇಳಿದಾಗ ಹೂಂ ಎಂದಿದ್ದರೆ ಮಗುವಿಗೆ ಒಳಗೆ ಜಾಗ ಸಿಗುತ್ತಿತ್ತು. ಹೇಳಿದ್ರೆ ಅವಳ ನಂಬಿಕೆಗೆ ನಾನೇ ಕತ್ತರಿ ಹಾಕಿದ ಹಾಗಾಗ್ತಿತ್ತು, ಚಿಕ್ಕವನಿಗೆ ಆಗಬೇಕಾದ್ದು ಆಗಿತ್ತಲ್ಲ, ಗೋಡೆ ಯಾವ ಕಡೆ ಇದ್ರೇನು, ನೀನೂ ಹೇಳಬೇಡ, ಎಂದಿದ್ದರು. ಹಾಗೆ ಒಬ್ಬರ ಮನಸ್ಸು ನೋಯಬಾರದೆಂದು ಇನ್ನೊಬ್ಬರು ಸುಮ್ಮನಿದ್ದು, ಮಗುವನ್ನು ಗೋಡೆಯ ಹೊರಗೆ ಮಲಗಿಸಿದರು. ಫಾದರ್ ಮನೆಯಿಂದ ಬರುತ್ತ ದಾರಿಯಲ್ಲಿ, ಅಪ್ಪನಿಗೆ ಕೊಟ್ಟ ಮಾತನ್ನು ಮುರಿದೆ. ಅಮ್ಮ ಒಂದು ಕಾಂಪೌಂಡಿನ ಕಟ್ಟೆಯ ಮೇಲೆ ಕೂತುಬಿಟ್ಟರು. ಒಬ್ಬರಿಗೆ ಒಂದೇ ಸಲ ಅಲ್ವಾ ನಿಮ್ಮಪ್ಪನ ಚರ್ಚಲ್ಲಿ, ಎರಡನೇದು ಲೆಕ್ಕಕ್ಕಿಲ್ಲ, ಯಾರದ್ದು ಮೊದಲು, ಎಂದು ಕೇಳಿದರು. ಮತ್ತೆ ತಾವೇ, ನಾನು ಹಾಕುವಾಗ ಅವನ ಕೂದಲು ಆಗಲೇ ಒದ್ದೆ ಇತ್ತು ಕಣೋ, ಬೆವರು ಅಂದ್ಕೊಂಡೆ, ಹಾಗಾದ್ರೆ ಅವರದ್ದೇ ಮೊದಲು, ಅವರೇ ಗೆದ್ರು, ಎಂದು ನಕ್ಕರು. ಬಟಾಣಿ ಸುಲಿಯುವಾಗಿನ ನಗು. ಕಣ್ಣು ಮಾತ್ರ ಬೇರೆ ಕೆಲಸದಲ್ಲಿತ್ತು.

ಮುಂದಿನ ಶನಿವಾರ ಬೆಳಿಗ್ಗೆ ನಮಗೆ ಗೊತ್ತುಮಾಡಿದ್ದಾರೆ. ಆಮೇಲೆ ರಸ್ತೆಯವರ ಯಂತ್ರ ಬರುತ್ತದೆ. ಅಮ್ಮನ ಹಠ ಒಂದೇ: ದೊಡ್ಡವಳು ಬಂದು ನಿಲ್ಲದೆ ಅವನನ್ನು ಎತ್ತಕೂಡದು. ಬರದೆ ಹೋದರೆ ಬೇರೆ ಮಕ್ಕಳ ಜೊತೆ ಮೂಲೆಯಲ್ಲೇ ಇರಲಿ, ಇದ್ದ ಒಬ್ಬ ಅಕ್ಕನನ್ನು ಬಿಟ್ಟು ಅವನನ್ನು ಒಳಗೆ ತರುವುದು ಬೇಡವಂತೆ. ನಾನು ಏನು ಹೇಳಿದರೂ ಕಿವಿ ಕೇಳಿಸುವುದಿಲ್ಲ. ನಿನ್ನಿಂದ ಯಾರೂ ಪ್ರಾರ್ಥನೆ ಕೇಳುವುದಿಲ್ಲ. ಫಾದರ್ ತಮ್ಮ ಪಾಡಿಗೆ ಹೇಳಿಕೊಳ್ಳುತ್ತಾರೆ, ಅಮ್ಮನ ಮಂದಿರದ ಹಿರಿಯರು ತಮ್ಮ ಪಾಡಿಗೆ. ನೀನು ನಿನ್ನ ಗೊತ್ತಿಲ್ಲ ಎಂಬ ಮಾತನ್ನೇ ಹಿಡಿದುಕೊಂಡು ನಿಲ್ಲು, ಅದಕ್ಕೂ ಜಾಗವಿದೆ. ಸಣ್ಣ ಪೆಟ್ಟಿಗೆ ಮಾಡಿಸಿದ್ದೇನೆ. ಒಳಗೆ ಹಾಸಲು ಅಪ್ಪನ ಬೂದು ಕೋಟನ್ನು ಕತ್ತರಿಸಿ, ಅದರ ಒಳ ಅಂಚಿನಿಂದಲೇ ಎಳೆ ತೆಗೆದು ಹೊಲಿಯುತ್ತಿದ್ದೇನೆ. ಕೈ ಅಪ್ಪನದಲ್ಲ, ಹೊಲಿಗೆ ಕಾಣುತ್ತದೆ.

ಭಾವನಿಗೆ ನಮಸ್ಕಾರ, ಮಗಳಿಗೆ ಮಾವನ ಮುದ್ದು. ಅಮ್ಮ ಎದ್ದರು, ಯಾರಿಗೆ ಬರೀತಿದೀಯ ಎಂದು ಕೇಳಿ, ಉತ್ತರ ಹೇಳುವ ಮೊದಲೇ ಅವಳಿಗೆ ನನ್ನ ಆಶೀರ್ವಾದ ಬರಿ ಎಂದರು. ಬರೆದಿದ್ದೇನೆ.

ನಿನ್ನ ತಮ್ಮ,
ದಾರದುಂಡೆ

ಲಕೋಟೆ ಅಂಟಿಸುವ ಮೊದಲು: ಅಮ್ಮನಿಗೆ ಹೇಳದೆ ಬಿಟ್ಟದ್ದು ಒಂದಿದೆ. ಅಪ್ಪನದೇ ಮೊದಲು ಎಂಬ ಸಂತೋಷ ಅವರಿಗಿರಲಿ ಎಂದು ಬಿಟ್ಟೆ. ಆಸ್ಪತ್ರೆಯಲ್ಲಿ ಅಪ್ಪನೂ ಅದನ್ನೇ ಹೇಳಿದ್ದರು: ನಾನು ಟೊಪ್ಪಿಗೆ ಬಗ್ಗಿಸೋಕೆ ಮುಂಚೆನೇ ಅವನ ತಲೆ ಒದ್ದೆ ಇತ್ತು, ಜ್ವರದ ಬೆವರು. ಅಮ್ಮನ ಲೋಟದ ನೀರೇ ಅದು ಎಂದುಕೊಳ್ಳೋಣವೆಂದರೆ, ಅಮ್ಮ ಹಾಕುವಾಗಲೂ ಅವನ ಕೂದಲು ಒದ್ದೆಯಾಗಿತ್ತಲ್ಲ. ಹಾಗಾದರೆ ಇಬ್ಬರಿಗಿಂತ ಮೊದಲೇ ಆ ತಲೆ ಒದ್ದೆಯಾಗಿತ್ತು. ನರ್ಸ್ ಅವತ್ತು ಬೆಳಿಗ್ಗೆ ಮಗುವಿಗೆ ಜ್ವರವಿಲ್ಲ, ಮೈ ತಣ್ಣಗಿದೆ ಎಂದದ್ದು ಅಮ್ಮನಿಗೆ ಈಗಲೂ ನೆನಪಿದೆ. ಆ ವರ್ಷ ನಿಮ್ಮ ತರಗತಿಯಲ್ಲಿ, ಫಾದರ್ ಸಿಗದ ಹೊತ್ತಿನಲ್ಲಿ ಯಾರು ಬೇಕಾದರೂ ನೀರು ಹಾಕಬಹುದು ಎಂದು ಕಲಿಸಿ, ಮಕ್ಕಳಿಂದ ಬೊಂಬೆಯ ತಲೆಗೆ ನೀರು ಹಾಕಿಸಿ ಅಭ್ಯಾಸ ಮಾಡಿಸುತ್ತಿದ್ದರು. ನೀನು ಮನೆಗೆ ಬಂದು ನನ್ನ ತಲೆಯ ಮೇಲೂ ಹಾಕಿ, ಒಂದು ಹನಿ ಕಿವಿಗೆ ಹೋಗಬಾರದು ನೋಡು, ಎಂದು ತೋರಿಸಿದ್ದೆ. ಅಕ್ಕಾ, ಆ ಮಧ್ಯಾಹ್ನ ಮೇಜಿನ ಅಡಿ ನನ್ನ ಪಕ್ಕ ಬಂದು ಕೂತಾಗ, ನಿನ್ನ ತೋಳು ಯಾಕೆ ಒದ್ದೆಯಾಗಿತ್ತು?